ಏಳು ಎನ್ನಬಾರದ ತಿಂಗಳು

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಜಡತ್ವದ ನಿಯಮ ಹೇಳುವಾಗ ಮೇಜಿನ ಮೇಲಿನ ಡಸ್ಟರನ್ನು ಉದಾಹರಣೆಯಾಗಿ ತೋರಿಸುತ್ತಿದ್ದೆ. ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮನೆಯ ಸೋಫಾದ ಮೇಲಿತ್ತು. ತರಗತಿಗೆ ಹೊತ್ತೊಯ್ಯುವುದು ಕಷ್ಟವಾಗಿತ್ತು, ಅಷ್ಟೇ.

ನಮ್ಮ ಯಜಮಾನರು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಕಟ್ಟಕಡೆಯ ಡಬ್ಬಿಯಲ್ಲಿ ಕೂತು, ಜಗತ್ತು ತಾನಾಗಿ ಹಿಂದಕ್ಕೆ ಸರಿಯುವುದನ್ನು ನೋಡಿ ಸಂಬಳ ಪಡೆದವರು. ನಿವೃತ್ತಿಯಾದ ಮೇಲೆ ಡಬ್ಬಿ ಹೋಗಿ ಸೋಫಾ ಬಂತು. ಈಚೆಗೆ ಕೈಗೆ ಮೊಬೈಲ್ ಆಟವೊಂದು ಅಂಟಿದೆ. ಕೋಟೆಯ ಕಂದಕದ ಮೇಲೊಂದು ಕಿರುಸೇತುವೆ. ಅದರ ಮೇಲೆ ಕಬ್ಬಿಣದ ಕವಚ ತೊಟ್ಟ ಹಳೇ ಕಾಲದ ಇಬ್ಬರು ಯೋಧರು (ಕವಚದೊಳಗೆ ಮೂಳೆ ಇದ್ದಂತಿಲ್ಲ). ಹೆಬ್ಬೆರಳಿನಿಂದ ಎಳೆದರೆ ಯೋಧನ ಮೈ ತೂಗಾಡುತ್ತದೆ, ಮೈಯ ಜೊತೆಗೆ ಕತ್ತಿಯೋ ಗದೆಯೋ ಬೀಸುತ್ತದೆ. ಕಂದಕಕ್ಕೆ ಬಿದ್ದವನು ಸೋತ.

"ರೀ, ಏಳಿ. ಅಡುಗೆಮನೆ ನಲ್ಲಿ ಸೋರ್ತಾ ಇದೆ."

"ಒಂದೇ ನಿಮಿಷ ಕಣೇ, ಈಗ ಎದ್ದರೆ ತಲೆ ಹೋಗತ್ತೆ."

"ಇದ್ದರೆ ತಾನೇ ಹೋಗೋದು!"

ಈ ಸಂಭಾಷಣೆ ಮೂರು ತಿಂಗಳಿಂದ ದಿನಕ್ಕೆ ಹತ್ತು ಸಲ ನಡೆಯುತ್ತಿತ್ತು. ಒಂದು ದಿನ ಅವರು ಹೇಳಿದರು:

"ಈ ಆಟದಲ್ಲಿರೋದೆಲ್ಲ ನಿನ್ನ ಫಿಸಿಕ್ಸೇ. ತೂಕ, ವೇಗ ಎಲ್ಲಾ ನಿಜವಾದ ಲೆಕ್ಕ. ಆದ್ರೂ ನೀನು ಆಡಿದ್ರೆ ಅರೆ ನಿಮಿಷ ನಿಲ್ಲಲ್ಲ."

ನಲ್ಲಿ ಸೋರುವುದನ್ನು ಸಹಿಸಬಹುದು, ಇದನ್ನಲ್ಲ. ಪಂದ್ಯ ಗೊತ್ತಾಯಿತು. ನಾನು ಗೆದ್ದರೆ ಆಟವನ್ನು ಅಳಿಸಿ ಅಂದೇ ನಲ್ಲಿ ರಿಪೇರಿ ಮಾಡಬೇಕು. ಅವರು ಗೆದ್ದರೆ ಒಂದು ತಿಂಗಳು ನಾನು 'ಏಳಿ' ಎನ್ನಬಾರದು. ನಮ್ಮ ಸೊಸೆ ಕೋರ್ಟಿನಲ್ಲಿ ಟೈಪಿಸ್ಟ್; ಕರಾರುಪತ್ರ ಬರೆದಳು. ಭಾಷೆ ತೀರ ಸಡಿಲವಾಗಿತ್ತು. ನಾನೇ ತಿದ್ದಿದೆ: "'ಏಳು' ಎಂಬ ಪದವನ್ನು ಯಾವ ರೂಪದಲ್ಲೂ, ಯಾವ ಸಂದರ್ಭದಲ್ಲೂ, ಯಾರೊಡನೆಯೂ ಆಡತಕ್ಕದ್ದಲ್ಲ. ತಪ್ಪಿದರೆ, ಪ್ರತಿ ತಪ್ಪಿಗೂ ಒಂದು ತಿಂಗಳು ಹೆಚ್ಚುವರಿ."

"ಅತ್ತೆ, ಇಷ್ಟು ಬಿಗಿ ಬೇಕಾ?" ಎಂದಳು ಸೊಸೆ.

"ಬರೆದ ಮೇಲೆ ಸರಿಯಾಗಿ ಬರೀಬೇಕು." (ಸೋಲುವ ಯೋಚನೆ ನನಗಿರಲಿಲ್ಲ.)

ಆಯುಧಗಳಲ್ಲಿ ಅತಿ ಉದ್ದ ಹಿಡಿಯ ಕೊಡಲಿಯನ್ನು ಆರಿಸಿದೆ. ಹಿಡಿ ಉದ್ದವಾದಷ್ಟೂ ತುದಿಯ ವೇಗ ಹೆಚ್ಚು. ಇದು ಮೊದಲ ವರ್ಷದ ಪಾಠ. ಯಜಮಾನರು ಗುರಾಣಿಯೊಂದನ್ನು ಹಿಡಿದು ಸುಮ್ಮನೆ ನಿಂತರು. ನಾನು ಸರ್ವಶಕ್ತಿಯಿಂದ ಬೀಸಿದೆ. ಕೊಡಲಿ ಅವರ ಮೂಗಿನ ಮುಂದೆ ಭವ್ಯವಾಗಿ ಹಾದುಹೋಯಿತು. ಅದರ ಹಿಂದೆ ನನ್ನ ಯೋಧನೂ ಹೋದ. ಕೊಡಲಿ, ಯೋಧ ಎರಡೂ ಕಂದಕ ಸೇರಿದವು.

"ನೀವು ಏನೂ ಮಾಡಲೇ ಇಲ್ಲ!" ಎಂದೆ.

"ಅದೇ ನನ್ನ ಪಟ್ಟು," ಎಂದರು.

ಆಮೇಲೆ ತಿಳಿಯಿತು, ಕನ್ನಡದಲ್ಲಿ ಆ ಒಂದು ಪದವಿಲ್ಲದೆ ಬಾಳುವುದು ಎಷ್ಟು ಕಷ್ಟವೆಂದು. ಅವರು ಸರಿಯಾಗಿ ಸಂಜೆ ಆ ಹೊತ್ತಿಗೇ "ಗಂಟೆ ಎಷ್ಟೇ?" ಎಂದು ಕೇಳುವರು. ಗೋಡೆ ಗಡಿಯಾರ ಅವರ ಎದುರಿಗೇ ಇದೆ.

"ಎಂಟಕ್ಕೆ ಒಂದು ಕಮ್ಮಿ," ಎನ್ನುತ್ತಿದ್ದೆ. ಇಪ್ಪತ್ತೊಂಬತ್ತು ದಿನ ಕಳೆದೆ.

ಮೂವತ್ತನೆಯ ದಿನ ಭಾನುವಾರ. ನಲ್ಲಿಯ ಟಪ್ ಟಪ್ ತಡೆಯದೆ ನಾನೇ ಸ್ಪ್ಯಾನರ್ ಹಿಡಿದೆ. ನಲ್ಲಿ ಜಗ್ಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಎರಡಡಿ ಪೈಪು ತೂರಿಸಿ ಉದ್ದ ಮಾಡಿಕೊಂಡು ತಿರುಗಿಸಿದೆ. (ಹೌದು, ಅದೇ ಪಾಠ.) ನಲ್ಲಿ ಕತ್ತಿನ ಸಮೇತ ಕೈಗೆ ಬಂತು. ನೀರು ನೇರವಾಗಿ ಮುಖಕ್ಕೆ ಹೊಡೆಯಿತು.

"ಏನೇ ಅದು ಸದ್ದು?" ಹಜಾರದಿಂದ ಯಜಮಾನರು.

"ಪಾತ್ರೆ ತೊಳೀತಿದ್ದೀನಿ!"

ನೀರು ನಿಲ್ಲಿಸುವ ವಾಲ್ವ್ ಇರುವುದು ಅವರ ಸೋಫಾದ ಬೆನ್ನಿಗೆ. "ಮುಚ್ಚಿ" ಎಂದಿದ್ದರೆ ಕರಾರು ಮುರಿಯುತ್ತಿರಲಿಲ್ಲ. ಆದರೆ ಮೊದಲ ವರ್ಷದ ಪಾಠದಲ್ಲಿ ನಾನು ಎರಡನೇ ಸಲ ಫೇಲಾದದ್ದು ಅವರಿಗೆ ಗೊತ್ತಾಗುತ್ತಿತ್ತು. ಒಂದು ಕೈಯಲ್ಲಿ ಗೋಡೆಯ ತೂತು ಅದುಮಿ, ಇನ್ನೊಂದರಲ್ಲಿ ಪ್ಲಂಬರಿಗೆ ಫೋನ್ ಮಾಡಿದೆ.

"ನಿಮ್ಮ ಬೀದಿ ತುದೀಲೇ ಇದ್ದೀನಮ್ಮ. ಮನೆ ನಂಬರ್ ಹೇಳಿ."

ನಮ್ಮ ಮನೆ ನಂಬರ್ ನಿಮಗೆ ಹೊಳೆದಿರಬೇಕು.

"ಆರು ಆದ್ಮೇಲೆ ಬರತ್ತಲ್ಲ, ಅದು."

"ಆರು ಗಂಟೆ ಮೇಲೆ ಬರ್ಬೇಕಾ?"

"ಅಲ್ಲಪ್ಪ! ಆರಕ್ಕೆ ಒಂದು ಕೂಡಿಸು!"

"ನಾನು ಸ್ಕೂಲ್ ಬಿಟ್ಟು ಬಹಳ ವರ್ಷ ಆಯ್ತು. ನೆಟ್ಟಗೆ ಹೇಳಿ, ಇಲ್ಲ ಫೋನ್ ಇಡ್ತೀನಿ."

ನೀರು ಮೊಣಕೈ ದಾಟಿ ಒಳಗಿಳಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಕೊನೆಯ ಬೆಂಚಿಗೂ ಕೇಳಿಸಿದ ಗಂಟಲಿನಲ್ಲಿ ಕೂಗಿದೆ:

"ಏಳು! ಏಳು! ಏಳು!"

ಹಜಾರದಲ್ಲಿ ಸೋಫಾ ಕಿರುಗುಟ್ಟಿತು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನಮ್ಮ ಯಜಮಾನರು ಹೇಳಿದ ತಕ್ಷಣ ಎದ್ದಿದ್ದರು. ಅಡುಗೆಮನೆಗೆ ಇಣುಕಿದರು, ನನ್ನನ್ನೂ ನನ್ನ ಕಾಲ ಬಳಿ ಬಿದ್ದಿದ್ದ ಎರಡಡಿ ಪೈಪನ್ನೂ ನೋಡಿದರು, ಹಿಂತಿರುಗಿ ವಾಲ್ವ್ ಮುಚ್ಚಿದರು. ನೀರು ನಿಂತಿತು. ಮತ್ತೆ ಸೋಫಾ ಕಿರುಗುಟ್ಟಿತು.

"ಬರ್ಕೊಳಮ್ಮ," ಎಂದರು ಸೊಸೆಗೆ. "ಮೂರು ತಿಂಗಳು."