ಟರ್ಕಿ ಕೋಳಿ ಮುಂದೆ ಅಲ್ಲಾಡದೆ ಕೂರೋದು

ಎಲ್ಲಿ ನಾನು ಸುಮ್ಮನೆ ಕೂರಬೇಕೋ ಅಲ್ಲೇ ಏನಾದ್ರೂ ಒಂದು ಎಡವಟ್ಟು ಆಗುತ್ತೆ. ಮದುವೆ ಹಸೆಮಣೆ ಮೇಲೆ ಆಗಿದೆ, ವೀಸಾ ಇಂಟರ್‌ವ್ಯೂನಲ್ಲಿ ಆಗಿದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಆಗಿದೆ. ಆದ್ರೆ ಐರ್ಲೆಂಡಿನ ಕಾರ್ಕ್ ಊರಾಚೆಯ ಕಾಡಲ್ಲಿ, ಒಂದು ಸ್ಪಂಜಿನ ಟರ್ಕಿ ಕೋಳಿ ಮುಂದೆ ಆದಷ್ಟು ಇನ್ನೆಲ್ಲೂ ಆಗಿಲ್ಲ.

ನಾನು ಹಾಲಿಹಿಲ್ ಕಡೆ ಒಂದು ಆಫೀಸಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಹೆಂಡತಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅನಸ್ತೀಸಿಯಾ ಡಾಕ್ಟರ್. ಕಂಪ್ಯೂಟರ್ ನೋಡಿ ನೋಡಿ ನನ್ನ ಕತ್ತು ಹಿಡ್ಕೊಂಡಾಗ, "ಹೊರಗೆ ಹೋಗಿ ಏನಾದ್ರೂ ಮಾಡು" ಅಂತ ಅವಳೇ ಗದರಿಸಿದಳು. ಆಫೀಸಿನವರೊಬ್ಬರು ಬಿಲ್ವಿದ್ಯೆ ಕ್ಲಬ್ ತೋರಿಸಿದ್ರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಸೇರಿಕೊಂಡ್ವಿ.

ಐರ್ಲೆಂಡಲ್ಲಿ ಬಿಲ್ಲು ಹಿಡಿದು ಬೇಟೆ ಆಡೋ ಹಾಗಿಲ್ಲ, ಕಾನೂನು ಬಿಡಲ್ಲ. ಕಾಡು ಟರ್ಕಿ ಕೋಳಿ ಅಂತೂ ಈ ದೇಶದಲ್ಲಿ ಇಲ್ವೇ ಇಲ್ಲ. ಅದಕ್ಕೇ ಕ್ಲಬ್‌ನವರು ಕಾಡಲ್ಲಿ ಅಲ್ಲಲ್ಲಿ ಸ್ಪಂಜಿನ ಜಿಂಕೆ, ಹಂದಿ, ಕರಡಿ ನಿಲ್ಲಿಸಿದ್ದಾರೆ. ಅವಕ್ಕೆ ಬಾಣ ಬಿಡೋದು, ಕಿತ್ಕೊಂಡು ಬರೋದು. ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆ ಬೇಟೆ ಸಿಗಲ್ಲ ಅಂತ ನಾನೂ ಖುಷಿಯಾಗಿದ್ದೆ.

ಆದ್ರೆ ಕ್ಲಬ್ಬಲ್ಲಿ ಒಬ್ಬ ಮುದುಕ ಇದಾನೆ. ನಾವಿಬ್ಬರೂ ಮನೇಲಿ ಅವನನ್ನ ಟರ್ಕಿ ತಾತ ಅಂತೀವಿ. ಕಾರ್ಕ್‌ನವನೇ, ವಯಸ್ಸಲ್ಲಿ ಅಮೆರಿಕಕ್ಕೆ ಹೋಗಿ ಕಟ್ಟಡ ಕೆಲಸ ಮಾಡ್ಕೊಂಡು, ಬಿಡುವಿದ್ದಾಗೆಲ್ಲ ಬಿಲ್ಲಿಂದ ಟರ್ಕಿ ಬೇಟೆ ಆಡಿ, ಮುಪ್ಪಿಗೆ ವಾಪಸ್ ಬಂದವನು. ಅಲ್ಲಿನವರು ಬಟ್ಟೆ ಗುಡಾರದೊಳಗೆ ಮರೆಯಾಗಿ ಕೂತು ಟರ್ಕಿ ಹೊಡೀತಾರಂತೆ. ತಾತನಿಗೆ ಅದು ಕಂಡ್ರೆ ಆಗಲ್ಲ. "ಗುಡಾರದೊಳಗೆ ಕೂತು ಹೊಡೆಯೋದಾದ್ರೆ ಮನೇಲೇ ಕೂತ್ಕೋ" ಅಂತಾನೆ. ಟರ್ಕಿ ಕಣ್ಣು ಬಲು ಚುರುಕು, ಮರೆ ಇಲ್ಲದೆ ಕೂತಾಗ ನೀನು ಬೆರಳಾಡಿಸಿದ್ರೂ ಅದು ಪರಾರಿ. ಬಿಲ್ಲು ಎಳೆಯೋದಂತೂ ಕೈ ಬೀಸಿ ಕರೆದಂಗೆ.

ಅದಕ್ಕೇ ತಾತ ಒಂದು ಪರೀಕ್ಷೆ ಇಟ್ಟಿದ್ದಾನೆ. ಎದುರಿಗೆ ಸ್ಪಂಜಿನ ಟರ್ಕಿ. ನೀನು ಮರಕ್ಕೆ ಒರಗಿ ನೆಲದ ಮೇಲೆ. ತಾತ ಬಾಣದ ದಾರಿಗೆ ಸಿಗದಂಗೆ ಪಕ್ಕದಲ್ಲಿ ಸ್ಟೂಲ್ ಮೇಲೆ ಸೀಟಿ ಹಿಡಿದು ಕೂತು, ಕೋಳಿ ಥರಾನೇ ಕತ್ತು ಆ ಕಡೆ ಈ ಕಡೆ ತಿರುಗಿಸ್ತಾನೆ. ಅವನು ನೋಡೋವಾಗ ಅಲ್ಲಾಡಿದ್ರೆ ಸೀಟಿ. ಅವನು ಬೇರೆ ಕಡೆ ತಿರುಗಿದಾಗ ಎಳೆದು ಹೊಡೆದ್ರೆ ಪಾಸು. ಪಾಸಾದವರು ಕಾಡಲ್ಲಿ ಒಬ್ಬರೇ ಹೋಗಬಹುದು. ಫೇಲಾದವರ ಹಿಂದೆ ಪಾಸಾದವರೊಬ್ಬರು ಕಾವಲಿಗೆ ಹೋಗಬೇಕು.

೧. ಹೆಂಡತಿ ಪಾಸಾದದ್ದು

ನನಗೆ ಕೂತಾಗ ಕಾಲು ಅಲ್ಲಾಡಿಸೋ ಚಟ. ಮೊದಲ ಸಲ ಕೂತು ಬೆನ್ನು ಸರಿಮಾಡ್ಕೊಳ್ಳೋಷ್ಟರಲ್ಲಿ ಸೀಟಿ ಬಿತ್ತು.

ಆಮೇಲೆ ಹೆಂಡತಿ ಕೂತಳು. ತಾತ ಕತ್ತು ತಿರುಗಿಸಿದ, ನೆಲ ಕುಕ್ಕಿದಂಗೆ ಮಾಡಿದ, ಆಕಾಶ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದ: "ಡಾಕ್ಟರ್ ಮನೆಗೆ ಹೋದ್ರಾ?"

ನಾನು ಉತ್ತರ ಕೊಡೋಕೆ ಮುಂಚೆ ಕೋಳಿ ಎದೆಗೆ ಬಾಣ ನಾಟ್ಕೊಂಡಿತ್ತು.

"ಹೆಂಗೆ ಮಾಡಿದೆ?" ಅಂದೆ. "ಇದೇನು ಮಹಾ. ಪೇಷಂಟ್ ಮಲಗಿದ ಮೇಲೆ ಅವರು ಉಸಿರಾಡೋದನ್ನ ನೋಡ್ಕೊಂಡು ಕೂರೋದೇ ನನ್ನ ಕೆಲಸ" ಅಂದಳು.

ಹೀಗೆ ನನ್ನ ಕಾವಲಿಗೆ ನನ್ನ ಹೆಂಡತಿನೇ ಬಂದಳು. ಮನೇಲಿ ಫ್ರಿಜ್ ಬಾಗಿಲು ಹಾಕು, ಕಾಡಲ್ಲಿ ಭುಜ ಇಳಿಸು. ಮನೇಲಿ ಟವೆಲ್ ಒಣಗಹಾಕು, ಕಾಡಲ್ಲಿ ಮೊಣಕೈ ಎತ್ತು. ವಾರಕ್ಕೊಂದು ದಿನ ತಣ್ಣಗಿರೋಣ ಅಂತ ಹೋದ್ರೆ ಅಲ್ಲೂ ಇದೇ ಗೋಳು. ಪಾಸಾಗಬೇಕು, ಒಬ್ಬನೇ ಕಾಡಿಗೆ ಹೋಗಬೇಕು, ಆವತ್ತಿಂದ ನನಗಿದ್ದದ್ದು ಇದೊಂದೇ ಆಸೆ. ಯಾಕಂದ್ರೆ ಸ್ಪಂಜಿನ ಕರಡಿ ಮುಂದೆ ಬೈಸ್ಕೊಂಡ ಗಂಡಸು ಇಡೀ ಕಾರ್ಕ್‌ನಲ್ಲಿ ನಾನೊಬ್ಬನೇ.

೨. ಹಣೆ

ಎರಡನೇ ಸಲದ ಪರೀಕ್ಷೆ ದಿನ ಬೆಳಗ್ಗೆ ಡಗ್ಲಸ್‌ನಲ್ಲಿ ಸ್ನೇಹಿತರ ಮನೇಲಿ ಸತ್ಯನಾರಾಯಣ ಪೂಜೆ. ಸಪಾದಭಕ್ಷ್ಯ ಬಾಯಿಗೆ ಹಾಕ್ಕೊಂಡೇ ಓಡಿದೆ. ಕಾರಲ್ಲೇ ಎಲೆ ಚಿತ್ತಾರದ ಜಾಕೆಟ್ ತೊಟ್ಟು, ಕನ್ನಡಿ ನೋಡ್ಕೊಂಡು ಮುಖಕ್ಕೆ ಹಸಿರು ಬಣ್ಣ ಬಳ್ಕೊಂಡೆ. ಹಣೆ ಮೇಲೆ ಭಟ್ಟರು ಇಟ್ಟ ಕುಂಕುಮ ಇತ್ತು. ಪೂಜೆ ಕುಂಕುಮ ಒರೆಸೋಕೆ ಕೈ ಬರಲಿಲ್ಲ. ಅದನ್ನ ಹಾಗೇ ಬಿಟ್ಟು ಸುತ್ತಲೂ ನೀಟಾಗಿ ಹಸಿರು ಹಚ್ಚಿದೆ.

ಕೂತೆ. ಕೂತ ತಕ್ಷಣ ಸೀಟಿ.

"ನಾನು ಅಲ್ಲಾಡೇ ಇಲ್ಲ" ಅಂದೆ.

ತಾತ ಹತ್ತಿರ ಬಂದು ನನ್ನ ಹಣೆ ನೋಡಿದ. "ಗಂಡು ಟರ್ಕಿ ತಲೆ ಯಾವ ಬಣ್ಣ ಇರುತ್ತೆ ಗೊತ್ತಾ?"

"ಇಲ್ಲ."

"ಕೆಂಪು. ಅದಕ್ಕೇ ಬೇಟೆಗೆ ಹೋಗೋನು ಮೈಮೇಲೆ ಕೆಂಪು ದಾರ ಕೂಡ ಇಟ್ಕೊಳ್ಳಲ್ಲ. ಅಮೆರಿಕದ ಕಾಡಲ್ಲಾಗಿದ್ರೆ ನೀನು ಫೇಲಾಗ್ತಿರಲಿಲ್ಲ ಕಣಪ್ಪ, ಊಟ ಆಗ್ತಿದ್ದೆ."

೩. ಪಾರ್ಕಿನ ಮರ

ಇದಕ್ಕೆ ಅಭ್ಯಾಸ ಬೇಕು ಅನ್ನಿಸ್ತು. ಮನೆ ಹತ್ತಿರದ ಪಾರ್ಕಿಗೆ ಬಿಲ್ಲು ತಗೊಂಡು ಹೋಗೋ ಹಾಗಿಲ್ಲ, ಆದ್ರೆ ಕೂರೋಕೆ ಬಿಲ್ಲು ಯಾಕೆ? ಅದೇ ಎಲೆ ಚಿತ್ತಾರದ ಜಾಕೆಟ್ ಹಾಕ್ಕೊಂಡು ಒಂದು ಮರಕ್ಕೆ ಒರಗಿ ಕಲ್ಲಿನ ಹಾಗೆ ಕೂತೆ.

ಈ ಊರಿನ ಜನ ಎದುರಿಗೆ ಸಿಕ್ಕಿದವರನ್ನ ಮಾತಾಡಿಸದೆ ಮುಂದೆ ಹೋಗಲ್ಲ. ನಾಯಿ ಹಿಡ್ಕೊಂಡು ಬಂದ ಒಬ್ಬ ಹೆಂಗಸು "ಗ್ರ್ಯಾಂಡ್ ಡೇ" ಅಂದಳು. ನಾನು ಅಲ್ಲಾಡಲಿಲ್ಲ. ಸ್ವಲ್ಪ ಮುಂದೆ ಹೋದವಳು ವಾಪಸ್ ಬಂದಳು. "ಹುಷಾರಾಗಿದ್ದೀಯಾ ಮರಿ?" ಅಂತ ಬಗ್ಗಿ ನೋಡಿದಳು. ಇಲ್ಲಿ ಚೆನ್ನಾಗಿದ್ದೀನಿ ಅನ್ನೋಕೂ ಅದೇ ಮಾತು, ತುಟಿ ಅಲ್ಲಾಡಿಸದೆ "ಗ್ರ್ಯಾಂಡ್" ಅಂದೆ. ಆಕೆಗೆ ಅದು ನರಳಿದ ಹಾಗೆ ಕೇಳಿಸ್ತು ಅಂತ ಕಾಣುತ್ತೆ. ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದಳು, ನಾಯಿ ಮುಖ ನೆಕ್ಕಿತು, ಆಕೆ ಫೋನ್ ತೆಗೆದಳು. ಇಷ್ಟು ದೂರ ಬಂದಿದ್ದೀನಿ, ಈಗ ಸೋಲಬಾರದು ಅಂತ ನಾನೂ ಹಠ ಹಿಡಿದೆ.

ಆಂಬುಲೆನ್ಸ್ ಬಂದ ಮೇಲೆ ಎದ್ದು ನಿಂತೆ. "ಏನಿಲ್ಲ, ಟರ್ಕಿ ಕೋಳಿ ಮುಂದೆ ಕೂರೋದು ಪ್ರಾಕ್ಟೀಸ್ ಮಾಡ್ತಿದ್ದೆ" ಅಂತ ವಿವರಿಸಿದೆ. ಅಲ್ಲಿವರೆಗೆ ಆರಾಮಾಗಿದ್ದ ಆಂಬುಲೆನ್ಸಿನವರಿಬ್ಬರೂ ಮುಖ ಮುಖ ನೋಡ್ಕೊಂಡು, "ಬಾ, ಒಂದ್ಸಲ ಚೆಕ್ ಮಾಡಿಸಿಬಿಡೋಣ" ಅಂತ ಬಹಳ ನಯವಾಗಿ ಕೈ ಹಿಡ್ಕೊಂಡ್ರು.

ಆಸ್ಪತ್ರೇಲಿ ಡ್ಯೂಟಿಗಿದ್ದ ಡಾಕ್ಟರ್ ದಾವಣಗೆರೆ ಹುಡುಗ, ನನ್ನ ಹೆಂಡತಿಯ ಜೂನಿಯರ್. ನನ್ನ ಮುಖ ನೋಡಿದವನೇ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದ. ಅವಳು ಹಸಿರು ಟೋಪಿಯಲ್ಲೇ ಇಳಿದು ಬಂದಳು. "ಮೇಡಂ, ತಲೆಗೆ ಏನಾದ್ರೂ ಪೆಟ್ಟು ಬಿದ್ದಿದೆಯಾ, ಸ್ಕ್ಯಾನ್ ಮಾಡಿಸ್ಲಾ?" ಅಂತ ಅವನು ಕೇಳಿದ.

"ಬೇಡಪ್ಪ" ಅಂದಳು. "ಮದುವೆಗೆ ಮುಂಚಿಂದಾನೂ ಹೀಗೇ."

೪. ನಿಜವಾದ ಕೋಳಿಗಳು

"ಮನುಷ್ಯರ ಮುಂದೆ ಕೂತ್ರೆ ಆಂಬುಲೆನ್ಸ್ ಬರುತ್ತೆ, ಕೋಳಿ ಮುಂದೆನೇ ಕೂರು" ಅಂದಳು ಹೆಂಡತಿ. ಕ್ರಿಸ್‌ಮಸ್‌ಗೆ ಅಂತ ಟರ್ಕಿ ಸಾಕೋ ಒಬ್ಬ ರೈತ ಕ್ಲಬ್ ಹತ್ತಿರಾನೇ ಇದ್ದ. ಹೋಗಿ ಕೇಳಿದೆ, ಬೇಲಿ ಒಳಗೆ ಬಿಟ್ಟ.

ಕೂತೆ. ಸಾಕಿದ ಟರ್ಕಿಗಳಿಗೆ ಹೆದರಿಕೆ ಅನ್ನೋದೇ ಇಲ್ಲ. ಎಲ್ಲಾ ಬಂದು ನನ್ನ ಸುತ್ತ ಮದುವೆಮನೆ ಹೆಂಗಸರ ಥರ ನಿಂತು ವಿಚಾರಿಸಿದ್ವು. ಒಂದು ಶೂ ಲೇಸ್ ಎಳೆಯಿತು, ಒಂದು ಜಿಪ್ ಕುಕ್ಕಿತು, ಇನ್ನೊಂದು ಧಡೂತಿ ಕೋಳಿ ಬಂದು ತೊಡೆ ಮೇಲೇ ಕೂತ್ಕೊಂಡಿತು. ನಾನು ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿದ್ರೂ ಅಲ್ಲಾಡಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸ್ತು.

ರೈತ ಗೇಟಿಗೆ ಒರಗಿ ನೋಡ್ತಿದ್ದವನು ಕೇಳಿದ: "ನಿನ್ನನ್ನ ಹಚ್ಕೊಂಡುಬಿಟ್ವು. ಕ್ರಿಸ್‌ಮಸ್‌ಗೆ ಯಾವುದನ್ನ ತೆಗೆದಿಡ್ಲಿ?"

"ನಾನು ಮಾಂಸ ತಿನ್ನಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?"

"ಬಾಣದಲ್ಲಿ ಹೊಡೆಯೋದು ಕಲಿಯೋಕೆ."

"ತಿನ್ನಲ್ಲ, ಆದ್ರೆ ಹೊಡೀತೀಯ?"

"ಇವನ್ನಲ್ಲ, ಸ್ಪಂಜಿಂದು."

ಅವನು ಗೇಟು ತೆಗೆದು ನನ್ನ ಹತ್ತಿರ ಬಂದ. ಆಮೇಲೆ ಮೆಲ್ಲಗೆ, ಸಮಾಧಾನ ಹೇಳೋ ದನಿಯಲ್ಲಿ ಹೇಳಿದ: "ನನ್ನ ಮಗಳೂ ಸಸ್ಯಾಹಾರಿನೇ. ಆದ್ರೆ ಅವಳಿಗೆ ಇಷ್ಟು ಜೋರಾಗಿಲ್ಲ."

೫. ಬಿಲ್ಲಿಗೆ ಕಾಲು

ವಸಂತ ಬಂತು, ಮತ್ತೆ ಪರೀಕ್ಷೆ. ಈ ಸಲ ಫೇಲಾದ್ರೆ ಶುರುವಿನ ಕ್ಲಾಸಿಗೇ ವಾಪಸ್ ಅಂತ ತಾತ ಖಡಕ್ಕಾಗಿ ಹೇಳಿಬಿಟ್ಟಿದ್ದ. ಅಲ್ಲಿ ಕಲಿಯೋರೆಲ್ಲ ನನ್ನ ಸೊಂಟದೆತ್ತರದ ಮಕ್ಕಳು. ಹೆಂಡತಿ ಕಾವಲು ಬೇರೆ ಜೀವಾವಧಿ ಆಗುತ್ತೆ. ಹಣೆ ತೊಳೆದುಕೊಂಡು, ಶೂ ಲೇಸ್ ಬಿಗಿದುಕೊಂಡು, ದೇವರಿಗೆ ಕೈಮುಗಿದು ಹೋದೆ.

ಕೂತೆ. ಏನು ಹೇಳಲಿ, ಮರಕ್ಕೆ ಮರವಾಗಿ ಕೂತೆ. ಮೂಗಿನ ಮೇಲೆ ಹುಳ ಬಂತು, ಹೋಯ್ತು. ಮಳೆ ಬಂತು, ಹೋಯ್ತು. ತಾತ ನನ್ನ ಕಡೆ ನೋಡಿ ನೋಡಿ ಸುಸ್ತಾದ. ಹಿಂದೆ ನಿಂತಿದ್ದ ಕ್ಲಬ್‌ನವರೆಲ್ಲ ಉಸಿರು ಬಿಗಿ ಹಿಡಿದಿದ್ರು. ಕಡೆಗೆ ತಾತ ಪೂರ್ತಿ ಆ ಕಡೆ ತಿರುಗಿದ. ಇದೇ ಸಮಯ ಅಂತ ಪಕ್ಕದಲ್ಲಿ ನೆಲದ ಮೇಲಿಟ್ಟಿದ್ದ ಬಿಲ್ಲು ಎತ್ತೋಕೆ ಕಾಲು ಸರಿಸಿದೆ. ಶೂ ತುದಿ ಬಿಲ್ಲಿಗೆ ತಾಗಿತು.

ನಮ್ಮ ಕೈ ನಮ್ಮ ಮಾತು ಕೇಳುತ್ತಾ? ಅದರ ಪಾಡಿಗೆ ಅದು ಹಿಡಿದಿದ್ದ ಬಾಣ ಕೆಳಗಿಟ್ಟು, ಬಗ್ಗಿ, ಬಿಲ್ಲು ಮುಟ್ಟಿ, ಕಣ್ಣಿಗೆ ಒತ್ಕೊಂಡಿತು. ಒಂದು ಕಣ್ಣಿಗೆ ಒತ್ತಿ ಬಿಟ್ಟಿದ್ರೂ ಆಗ್ತಿತ್ತೇನೋ. ಇನ್ನೊಂದು ಕಣ್ಣಿಗೂ ಒತ್ತೋಷ್ಟರಲ್ಲಿ ತಾತ ತಿರುಗಿ ಸೀಟಿ ಊದಿದ.

ನನಗೆ ಅಳು ಬರೋದೊಂದು ಬಾಕಿ.

"ಏನದು? ಕಣ್ಣಿಗೆ ಹುಳ ಬಿತ್ತಾ?" ಅಂತ ತಾತ ಕೇಳಿದ.

"ಇಲ್ಲ. ಬಿಲ್ಲಿಗೆ ಕಾಲು ತಾಗಿತು. ನಮ್ಮಲ್ಲಿ ವಿದ್ಯೆ ಕೊಡೋ ವಸ್ತುವಿಗೆ ಕಾಲು ತಾಗಿದ್ರೆ ಮುಟ್ಟಿ ನಮಸ್ಕಾರ ಮಾಡಬೇಕು. ಪುಸ್ತಕ, ಪೆನ್ನು, ಆಯುಧ, ಏನಾದ್ರೂ ಸರಿ. ತಪ್ಪಾಯ್ತು ಅಂತ."

ತಾತ ನನ್ನ ಹೆಂಡತಿ ಕಡೆ ತಿರುಗಿದ. "ಡಾಕ್ಟರ್, ಇದು ನಿಜಾನಾ? ಇಲ್ಲಾ ನೆಪ ಹೇಳ್ತಿದ್ದಾನಾ?"

ನನ್ನ ಹಣೆಬರಹ ಅವಳ ಬಾಯಲ್ಲಿತ್ತು. ಅವಳು ನನ್ನನ್ನೂ ನೋಡಿದಳು, ತಾತನನ್ನೂ ನೋಡಿದಳು. "ನಿಜ" ಅಂದಳು. ನನಗೆ ಹೋದ ಜೀವ ಬಂತು. "ಆದ್ರೆ ಮನೇಲಿ ನನ್ನ ಅನಸ್ತೀಸಿಯಾ ಪುಸ್ತಕ ತುಳ್ಕೊಂಡೇ ಅಡುಗೆಮನೆಗೆ ಹೋಗ್ತಾನೆ" ಅಂತಾನೂ ಸೇರಿಸಿದಳು.

ತಾತ ಗಡ್ಡ ಕೆರ್ಕೊಂಡ. "ಕೋಳಿ ಹಾರಿಹೋಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಾವಲು ಇಡೋದು ಯಾಕೆ? ಬಿಲ್ಲಿನ ಬಗ್ಗೆ ಭಯ ಭಕ್ತಿ ಇಲ್ಲದೋನು ಎಡವಟ್ಟು ಮಾಡ್ಕೋತಾನೆ ಅಂತ. ಕಾಲು ತಾಗಿದ್ದಕ್ಕೇ ಕ್ಷಮೆ ಕೇಳೋನಿಗೆ ಯಾವ ಕಾವಲು? ಪಾಸು."

ನಾನು ಅಲ್ಲೇ ಅವನ ಕಾಲಿಗೆ ಬೀಳೋಕೆ ಹೋದೆ, ಅವನು ಗಾಬರಿಯಾಗಿ ಹಿಂದೆ ಸರಿದ.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿತ್ತು. ಆದ್ರೆ ಕಾರ್ಕ್ ಜನಕ್ಕೆ ಈ ನಮಸ್ಕಾರ ಬಹಳ ಹಿಡಿಸಿಬಿಡ್ತು. ಮುಂದಿನ ವಾರದಿಂದ ಯಾರ ಕಾಲು ಬಿಲ್ಲಿಗೆ ತಾಗಿದ್ರೂ ಬಗ್ಗೋದು, ಮುಟ್ಟೋದು, ಕಣ್ಣಿಗೆ ಒತ್ಕೊಳ್ಳೋದು. ಮೊದಲು ತಮಾಷೆಗೆ ಶುರುಮಾಡಿದ್ರು, ಆಮೇಲೆ ಕೈಗೆ ರೂಢಿಯಾಗಿಹೋಯ್ತು. ರೂಢಿಯ ನಮಸ್ಕಾರಕ್ಕೆಲ್ಲ ಪಾಸಿಲ್ಲ ಅಂತ ತಾತ ಅಂದುಬಿಟ್ಟ, ಪರೀಕ್ಷೆಗೆ ಕೂತವರೆಲ್ಲ ಸಾಲಾಗಿ ಫೇಲಾದ್ರು.

ಆಮೇಲೊಂದು ದಿನ ಡಬ್ಲಿನ್ನಿನ ಕ್ಲಾಂಡಾಲ್ಕಿನ್ ಕಡೆಯಿಂದ ಬಿಲ್ಲುಗಾರರ ಒಂದು ಗುಂಪು ನಮ್ಮ ಕಾಡು ನೋಡೋಕೆ ಬಂತು. ಮರೆ ಇಲ್ಲದೆ ಟರ್ಕಿ ಹೊಡೆಯೋದು ಹೇಗೆ ಅಂತ ತಾತ ತಾನೇ ಕೂತು ತೋರಿಸ್ತೀನಿ ಅಂದ. ನನ್ನ ಹೆಂಡತಿಯನ್ನ ಸ್ಟೂಲ್ ಮೇಲೆ ಕೂರಿಸಿ ಅವಳ ಕೈಗೆ ಸೀಟಿ ಕೊಟ್ಟ. ತಾತ ಕೂತ ರೀತಿ ನೋಡಿ ಡಬ್ಲಿನ್‌ನವರು ಬೆರಗಾದ್ರು. ಮುದುಕ ಯಾರು, ಮರ ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಹೆಂಡತಿ ಕತ್ತು ಆ ಕಡೆ ತಿರುಗಿಸಿದಳು. ತಾತ ಕಾಲು ಸರಿಸಿದ. ಬೂಟು ಬಿಲ್ಲಿಗೆ ತಾಗಿತು.

ತಾತ ತಡ್ಕೊಂಡ, ಪಾಪ. ತಡ್ಕೊಳ್ಳೋಕೆ ನೋಡಿದ್ದು ನನಗೆ ಕಾಣ್ತಿತ್ತು. ಆಮೇಲೆ ಕೈ ಮೆಲ್ಲಗೆ ಕೆಳಗೆ ಹೋಯ್ತು, ಬಿಲ್ಲು ಮುಟ್ಟಿತು, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ. ಹೆಂಡತಿ ಅಷ್ಟರಲ್ಲಿ ತಿರುಗಿದ್ದಳು. ಒಂದು ಚೂರೂ ದಾಕ್ಷಿಣ್ಯ ನೋಡದೆ ಸೀಟಿ ಊದಿದಳು.

ನಿಯಮ ಅಂದ್ರೆ ನಿಯಮ. ಫೇಲಾದವರ ಹಿಂದೆ ಪಾಸಾದವರೊಬ್ಬರು ಹೋಗಬೇಕು. ತಾತ ತಲೆ ತಗ್ಗಿಸ್ಕೊಂಡು ನನ್ನ ಹತ್ತಿರ ಬಂದು, "ನೀನೇ ಬಾರಪ್ಪ ಕಾವಲಿಗೆ" ಅಂದ. ನನಗೆ ಎದೆ ಉಬ್ಬಿಹೋಯ್ತು. ಇಬ್ಬರೂ ಬಿಲ್ಲು ಹಿಡ್ಕೊಂಡು ಕಾಡೊಳಗೆ ಹೊರಟ್ವಿ. "ಭುಜ ಇಳಿಸಿ ತಾತ" ಅಂತ ಇನ್ನೇನು ಬಾಯಿ ತೆರೀಬೇಕು, ಹಿಂದೆ ತರಗೆಲೆ ಸದ್ದಾಯ್ತು. ತಿರುಗಿ ನೋಡಿದ್ರೆ ಹೆಂಡತಿ.

"ನೀನು ಯಾಕೆ ಬರ್ತಿದ್ದೀಯ? ನಾನು ಪಾಸಾಗಿದ್ದೀನಲ್ಲ?" ಅಂದೆ.

"ನಡಿ ನಡಿ" ಅಂದಳು. "ನಿಮ್ಮಿಬ್ಬರನ್ನೂ ನೋಡ್ಕೊಳ್ಳೋಕೆ ಒಬ್ಬರು ಬೇಡ್ವಾ?"