ಮಾವನ ಮೂರು ಸಾಕ್ಷಿಗಳು

ನಮ್ಮ ಸೋದರಮಾವನಿಗೆ ಸ್ವಂತ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ. ಆದರೆ ಮುಳಬಾಗಿಲಿನ ನೆತ್ತಿಯ ಮೇಲೆ, ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಎಷ್ಟು ಚಳಿ ಅಂತ ಕೇಳಿ ನೋಡಿ! ತಿನ್ನುತ್ತಿದ್ದ ಮುದ್ದೆ ಬಿಟ್ಟು ಎದ್ದು ಬರುತ್ತಾರೆ.

ಬಲೂನಿಗೆ ಪುಟ್ಟ ಡಬ್ಬಿ ಕಟ್ಟಿ ಆಕಾಶಕ್ಕೆ ಬಿಡುವುದೇ ಅವರ ನೌಕರಿಯಾಗಿತ್ತು. ಡಬ್ಬಿ ಮೇಲೇರುತ್ತಾ ಅಲ್ಲಲ್ಲಿನ ಬಿಸಿ, ಚಳಿ ಎಷ್ಟು ಅಂತ ರೇಡಿಯೋದಲ್ಲಿ ವರದಿ ಕಳಿಸುತ್ತದೆ. ನಿವೃತ್ತರಾಗಿ ಬೈರಕೂರಿನ ಮಾವಿನ ತೋಟಕ್ಕೆ ಬಂದರೂ ಮಾವನ ಕತ್ತು ಮಾತ್ರ ಕೆಳಗಿಳಿಯಲಿಲ್ಲ.

"ಬಲೂನನ್ನೂ ಪೂರ್ತಿ ನಂಬಬಾರದು ಕಣೋ. ಬಿಸಿಲು ಬಿದ್ರೆ ಒಂಚೂರು ಜಾಸ್ತಿ ಹೇಳುತ್ತೆ. ಉಪಗ್ರಹ ದೂರದಿಂದ ನೋಡಿ ಸರಾಸರಿ ಹೇಳುತ್ತೆ. ಇನ್ನೂ ಮೇಲೆ ಅಳೆಯೋಕೆ ಬಿಡೋ ರಾಕೆಟ್ಟು ಓಡೋ ರಭಸಕ್ಕೆ ತಾನೇ ಬಿಸಿಯಾಗಿರುತ್ತೆ. ಮೂರನ್ನೂ ಕೂರಿಸಿ ಪಂಚಾಯ್ತಿ ಮಾಡಿದ್ರೇನೇ ನಿಜ ಸಿಗೋದು!"

ಈ ಪಂಚಾಯ್ತಿ ಮನೆಯೊಳಗೂ ಬಂತು. ಯಾರು ಸೀನಿದರೂ ಮೂರು ಥರ್ಮಾಮೀಟರ್: ಗಾಜಿನದು, ಬ್ಯಾಟರಿಯದು, ಕೊರೋನಾ ಕಾಲದಲ್ಲಿ ಹಣೆಗೆ ಗುರಿಯಿಡುತ್ತಿದ್ದ ಪಿಸ್ತೂಲಿನಂಥದು. ಒಮ್ಮೆ ನನಗೆ ಜ್ವರ ಬಂದಾಗ ಮೂರೂ ಮೂರು ಮಾತು ಹೇಳಿದವು. ಕಿಟಕಿಯ ಬಿಸಿಲೇ ಕಾರಣವೆಂದು ಮಾವ ನನ್ನ ಮಂಚವನ್ನು ಮನೆಯಿಡೀ ಎಳೆದಾಡಿದರು. ಅಷ್ಟರಲ್ಲಿ ಜ್ವರವೇ ಬೇಸತ್ತು ಹೊರಟುಹೋಯಿತು!

"ಏಮಂಡಿ, ಹಣೆ ಮುಟ್ಟಿ ನೋಡಿದ್ರೆ ಗೊತ್ತಾಗಲ್ವಾ? ನನ್ನ ಕರ್ಮ!" ಅಂತ ಅತ್ತೆ ಬೆಳಿಗ್ಗೆ ಶುರು ಮಾಡಿದರೆ ರಾತ್ರಿ ಮಲಗುವವರೆಗೂ ಬೈಗುಳ ನಿಲ್ಲದು. ಮಾವ ಅದಕ್ಕೆಲ್ಲ ಕಿವಿಗೊಟ್ಟವರೇ ಅಲ್ಲ, ಅಂತ ನಾವು ತಿಳಿದಿದ್ದೆವು.

ಒಂದ್ಸಲ ಪಕ್ಕದವರ ಟೊಮ್ಯಾಟೊ ತೋಟಕ್ಕೆ ಹರಿದ ಬಲೂನಿನ ಸಮೇತ ಅಂಥದೇ ಡಬ್ಬಿ ಬಿತ್ತು. ಬಾಂಬೋ ಏನೋ ಅಂತ ಊರೆಲ್ಲ ದೂರ ನಿಂತಿದ್ದರೆ, ಮಾವ ಓಡಿಹೋಗಿ ಅದನ್ನು ಎದೆಗವುಚಿಕೊಂಡರು. "ಪಾಪ, ಎಷ್ಟು ಚಳಿ ತಡ್ಕೊಂಡು ಬಂದಿದೆಯೋ!"

ಬೇಲಿಯಾಚೆಯಿಂದ ಅತ್ತೆ: "ನಾನು ಇಷ್ಟು ವರ್ಷದಿಂದ ಒಲೆ ಮುಂದೆ ಬೇಯ್ತಿದೀನಿ, ನನ್ನ ಯಾವತ್ತಾದ್ರೂ ಪಾಪ ಅಂದಿದೀರಾ?"

ಹೋದ ವರ್ಷ ನಾನು ಅಲ್ಲಿಗೆ ಹೋಗಿದ್ದಾಗ, ಅತ್ತೆ ಯಾಕೋ ಸುಸ್ತು ಅಂತ ಮಲಗಿದ್ದರು. ಮಾವ ಮೂರೂ ಸಾಕ್ಷಿಗಳನ್ನು ಕರೆತಂದರು. ಅಬ್ಬಾ! ಜೀವಮಾನದಲ್ಲಿ ಮೊದಲ ಸಲ ಮೂರೂ ಒಂದೇ ಮಾತು ಹೇಳಿದವು: ಜ್ವರ ಇಲ್ಲ. ಕುಣಿದಾಡಬೇಕಿದ್ದ ಮಾವನ ಮುಖ ಬಿಳಿಚಿಕೊಂಡಿತು.

"ಕಾರು ತೆಗಿಯೋ, ಕೋಲಾರಕ್ಕೆ ಹೋಗೋಣ."

"ಜ್ವರಾನೇ ಇಲ್ವಲ್ಲ ಮಾವ!"

"ಸುಮ್ನಿರೋ! ಬೆಳಿಗ್ಗೆಯಿಂದ ಇವಳು ನನ್ನ ಒಂದ್ಸಲಾನೂ ಬೈದಿಲ್ಲ ಕಣೋ."

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಹೃದಯಾಘಾತ, ಇನ್ನೂ ತಡ ಮಾಡಿದ್ದರೆ ಉಳಿಸುವುದು ಕಷ್ಟವಿತ್ತು ಅಂದರು. ಐಸಿಯು ಬಾಗಿಲ ಹೊರಗೆ ಮಾವ ತಲೆ ತಗ್ಗಿಸಿ ಕೂತಿದ್ದರು. ಅವರ ಕತ್ತು ಇಳಿದದ್ದನ್ನು ನಾನು ಅವತ್ತೇ ನೋಡಿದ್ದು.

ಮಾರನೆಯ ದಿನ ಒಳಗೆ ಬಿಟ್ಟರು. ಅತ್ತೆ ಕಣ್ಣು ತೆರೆದು ಮಾವನನ್ನು ಮೇಲಿಂದ ಕೆಳಗೆ ನೋಡಿ, ಕ್ಷೀಣ ದನಿಯಲ್ಲಿ, "ಏಮಂಡಿ, ಅಂಗಿ ಗುಂಡಿ ಮೇಲೊಂದು ಕೆಳಗೊಂದು ಹಾಕ್ಕೊಂಡು ಬಂದಿದೀರಲ್ಲ, ನಾಚಿಕೆ ಆಗಲ್ವಾ?" ಅಂದರು.

ಮಾವ ಆ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು.

"ಬೈಯೇ," ಅಂದರು. "ಇನ್ನೂ ಸ್ವಲ್ಪ ಬೈಯೇ."