ದೂರವಾಣಿ ಕೊಠಡಿಯ ಹೆಚ್ಚುವರಿ ವ್ಯಕ್ತಿ

ಕಡತ ಸಂಖ್ಯೆ: ಕವಿ/ಮಾಕ/ಸು-೭೨/ಹೆಚ್ಚುವರಿ-೧
ಶಾಖಾ ಕಚೇರಿ, ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸುತ್ತೋಲೆ

ವಿಷಯ: ಮಾದರಿ ಕಚೇರಿಯ ದೂರವಾಣಿ ಕೊಠಡಿಯಲ್ಲಿ ಕಂಡುಬಂದಿರುವ ಒಬ್ಬ ಹೆಚ್ಚುವರಿ ವ್ಯಕ್ತಿಯಿಂದ ಉಂಟಾದ ವ್ಯತ್ಯಾಸವನ್ನು ನಿವಾರಿಸುವ ಬಗ್ಗೆ.

ಉಲ್ಲೇಖ: (ಅ) ಮೇಲಿನ ಕಚೇರಿಯ ಪತ್ರ, ದಿನಾಂಕದ ಮೇಲೆ ಚಹಾ ಚೆಲ್ಲಿದೆ.
(ಆ) ತಂತ್ರಾಂಶವು ತಾನಾಗಿಯೇ ಕಳುಹಿಸಿದ ಕೆಂಪು ಅಕ್ಷರದ ಎಚ್ಚರಿಕೆ, ಇದುವರೆಗೆ ನಲವತ್ತೊಂದು ಬಾರಿ.
(ಇ) ಕಡತ ವಿಭಾಗದ ಗುಮಾಸ್ತರ ಲಿಖಿತ ವಿವರಣೆ, ಹನ್ನೊಂದು ಪುಟ. ಕೇಳಿದ್ದು ಅರ್ಧ ಪುಟ.
(ಈ) ಸಾಹೇಬರ ಮೌಖಿಕ ಆದೇಶ, ಮೆಟ್ಟಿಲಿಳಿಯುತ್ತಾ ನೀಡಿದ್ದು.

ಕಡತ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಇರುವ ಗುಮಾಸ್ತರು (ಇನ್ನು ಮುಂದೆ ‘ಸದರಿ ಗುಮಾಸ್ತರು’) ಬಿಡುವಿನಲ್ಲಿ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸದವರೆಂಬುದು ಎಲ್ಲರಿಗೂ ತಿಳಿದಿದೆ. ಹಡಗು, ರೈಲು, ನೀರಿನ ಟ್ಯಾಂಕು ಎಲ್ಲ ಮುಗಿದ ಮೇಲೆ ಅವರು ಎರಡು ವರ್ಷದ ಭಾನುವಾರಗಳನ್ನು ಸುರಿದು ಇದೇ ಕಚೇರಿಯನ್ನು ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದ್ದಾರೆ. ಗೋಡೆಗೆ ಹಳೆಯ ಕಡತಗಳ ರಟ್ಟು, ಕಿಟಕಿಯ ಗಾಜಿಗೆ ಮಾತ್ರೆ ಪಟ್ಟಿಯ ಪ್ಲಾಸ್ಟಿಕ್, ನೀರಿನ ಕೊಳವೆಗೆ ಮುಗಿದ ಪೆನ್ನಿನ ರೀಫಿಲ್. ಅದನ್ನು ಕಡತ ಕೊಠಡಿಯ ಮೇಜಿನ ಮೇಲಿಟ್ಟು, ಧೂಳು ಕೂರದಂತೆ ಹಳೆಯ ಬೆಡ್‌ಶೀಟ್ ಹೊದಿಸಲಾಗಿದೆ.

ಹೀಗಿರುವಾಗ ಮೇಲಿನ ಕಚೇರಿಯು ‘ನಿಮ್ಮಲ್ಲಿ ಮಾದರಿ ಕಚೇರಿ ಇದೆಯೇ? ಇದ್ದಲ್ಲಿ ಚಿತ್ರಗಳನ್ನು ತಂತ್ರಾಂಶಕ್ಕೆ ಏರಿಸುವುದು’ ಎಂದು ಕೇಳಿದೆ. ಉಳಿದವರಿಗೆ ಮೇಲ್ಪಂಕ್ತಿಯಾಗಬಲ್ಲ ಕಚೇರಿ ಎಂಬುದು ಅದರ ಮನಸ್ಸಿನಲ್ಲಿತ್ತೆಂದು ಆಮೇಲೆ ತಿಳಿದುಬಂದಿದೆ. ಸದರಿ ಗುಮಾಸ್ತರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವರು ‘ಇದೆ’ ಎಂದು ಒತ್ತಿ, ಬೆಡ್‌ಶೀಟ್ ಸರಿಸಿ, ಹದಿನಾರು ಚಿತ್ರ ಏರಿಸಿದ್ದಾರೆ. ಅಳತೆ ಬರೆಯಲು ಎಲ್ಲೂ ಜಾಗವಿಲ್ಲದ ಕಾರಣ ‘ಇತರೆ’ ಎಂಬ ಕಡೆ ೧:೭೨ ಎಂದು ನಮೂದಿಸಿದ್ದಾರೆ. ತಂತ್ರಾಂಶವು ಅದನ್ನು ಗಂಟೆ, ನಿಮಿಷವೆಂದು ತಿಳಿದು, ತಪ್ಪಾಗಿದೆಯೆಂದು ಮಧ್ಯಾಹ್ನ ೨:೧೨ಕ್ಕೆ ತಿದ್ದಿ, ಕಚೇರಿ ತೆರೆಯುವ ಸಮಯವನ್ನಾಗಿ ದಾಖಲಿಸಿಕೊಂಡಿದೆ.

ಚಿತ್ರಗಳಲ್ಲಿ ನಲ್ಲಿ ಸೋರುತ್ತಿರಲಿಲ್ಲ. ಎಲ್ಲರೂ ಹಾಜರಿದ್ದರು. ಒಬ್ಬರೂ ಮೊಬೈಲ್ ನೋಡುತ್ತಿರಲಿಲ್ಲ. ಇನ್ನೂರ ಹದಿನೆಂಟು ಕಚೇರಿಗಳ ಪೈಕಿ ಮೊದಲ ಸ್ಥಾನ ನೀಡಿ, ಇದೇ ತಿಂಗಳ ಹದಿನಾಲ್ಕರಂದು ಪರಿಶೀಲನಾ ತಂಡ ಬರುವುದೆಂದು ತಿಳಿಸಲಾಗಿದೆ. ಸಾಹೇಬರು ಮೊದಲು ಪ್ರಶಸ್ತಿಯನ್ನು ಒಪ್ಪಿಕೊಂಡು, ಅನಂತರ ಯಾವ ಕಾರಣಕ್ಕೆ ಬಂತೆಂದು ವಿಚಾರಿಸಿದ್ದಾರೆ. ಈಗ ಹಿಂದೆ ಸರಿಯುವಂತಿಲ್ಲ.

ಆದರೆ ತಂತ್ರಾಂಶವು ಒಂದು ಆಕ್ಷೇಪ ಎತ್ತಿದೆ. ಸಿಬ್ಬಂದಿ ಪಟ್ಟಿಯಲ್ಲಿ ಸಾಹೇಬರನ್ನು ಬಿಟ್ಟು ಇಪ್ಪತ್ಮೂರು ಜನ, ಚಿತ್ರದಲ್ಲಿ ಇಪ್ಪತ್ನಾಲ್ಕು. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ.

೧. ಈ ಸುತ್ತೋಲೆಯಲ್ಲಿ ‘ಮಾದರಿ’ ಎಂದರೆ ಮೇಜಿನ ಮೇಲಿರುವುದು. ‘ಕಚೇರಿ’ ಎಂದರೆ ಆ ಮೇಜು ಇರುವ ಜಾಗ. ಯಾವುದು ಯಾವುದೆಂದು ಗೊಂದಲವಾದಲ್ಲಿ, ಎಲ್ಲಿ ನಲ್ಲಿ ಸೋರುತ್ತಿದೆಯೋ ಅದನ್ನು ಕಚೇರಿಯೆಂದು ಪರಿಗಣಿಸತಕ್ಕದ್ದು.

೨. ಹದಿನಾಲ್ಕರಂದು ಬೆಳಿಗ್ಗೆ ಹತ್ತರಿಂದ ಸಿಬ್ಬಂದಿಯೆಲ್ಲರೂ ಮಾದರಿಯಲ್ಲಿ ತಮ್ಮನ್ನು ಅಂಟಿಸಿರುವ ಜಾಗದಲ್ಲೇ, ಅಂಟಿಸಿರುವ ಭಂಗಿಯಲ್ಲೇ ಇರತಕ್ಕದ್ದು. ತಮ್ಮ ಭಂಗಿ ಗೊತ್ತಿಲ್ಲದವರು ಭೂತಗನ್ನಡಿ ಸಹಿತ ಕಡತ ಕೊಠಡಿಗೆ ಬಂದು ನೋಡಿಕೊಳ್ಳಬಹುದು. ಹೊಟ್ಟೆಯ ಗಾತ್ರದ ಬಗ್ಗೆ ಬಂದಿರುವ ಮೂರು ಮನವಿಗಳನ್ನು ಅಳತೆಪಟ್ಟಿ ಹಿಡಿದು ನೋಡಿದ ಬಳಿಕ ತಿರಸ್ಕರಿಸಲಾಗಿದೆ.

೩. ಹತ್ತು ಗಂಟೆಗೆ ಬರುವವರನ್ನು ತಂತ್ರಾಂಶವು ನಾಲ್ಕು ಗಂಟೆ ಹನ್ನೆರಡು ನಿಮಿಷ ಮುಂಚಿತವಾಗಿ ಬಂದವರೆಂದು ಪ್ರಶಂಸಿಸುತ್ತಿದೆ. ಈ ಪ್ರಶಂಸಾಪತ್ರಗಳನ್ನು ಅಳಿಸಲು ಯಾರಿಗೂ ಬರುತ್ತಿಲ್ಲವಾದ್ದರಿಂದ ಸಿಬ್ಬಂದಿಯು ಅವುಗಳಿಗೆ ಅರ್ಹರಾಗಿರತಕ್ಕದ್ದು.

೪. ಹೆಬ್ಬೆರಳು ಒತ್ತುವ ಹಾಜರಿ ಯಂತ್ರದ ಮುಂದೆ ಮಾದರಿಯಲ್ಲಿ ನಾಲ್ವರು ಕಾಯುತ್ತಾ ನಿಂತಿದ್ದಾರೆ. ಅದೇ ನಾಲ್ವರು ಅಂದು ಸಂಜೆಯವರೆಗೂ ಕಾಯತಕ್ಕದ್ದು. ಇವರಲ್ಲಿ ಕೊನೆಯವರು ಸದರಿ ಗುಮಾಸ್ತರೇ. ಅವರ ಬೆರಳ ತುದಿಯಲ್ಲಿ ಸದಾ ಅಂಟು ಒಣಗಿರುವುದರಿಂದ, ನೀವು ನೀವಲ್ಲ ಎಂದು ಯಂತ್ರವು ಪ್ರತಿದಿನ ಬೆಳಿಗ್ಗೆ ಅವರಿಗೆ ತಿಳಿಸುತ್ತಿದೆ. ಇಪ್ಪತ್ತಾರು ವರ್ಷದಲ್ಲಿ ಈ ಸಂಶಯ ತಮಗೂ ಎರಡು ಮೂರು ಬಾರಿ ಬಂದಿದೆಯೆಂದೂ ಆದರೆ ಅದನ್ನು ಎಲ್ಲರೆದುರು ಹೇಳುವ ಅಗತ್ಯವಿಲ್ಲವೆಂದೂ ಅವರು ವಿವರಣೆಯ ನಾಲ್ಕನೇ ಪುಟದಲ್ಲಿ ತಿಳಿಸಿದ್ದಾರೆ.

೫. ಮಾದರಿಯ ಎಲ್ಲ ಕಂಪ್ಯೂಟರುಗಳ ಪರದೆಯ ಮೇಲೂ ಸುತ್ತುತ್ತಿರುವ ಚಕ್ರವನ್ನು ಬಿಡಿಸಲಾಗಿದೆ. ಇದು ವ್ಯಂಗ್ಯವೇ ಎಂದು ಕೇಳಲಾಗಿ, ತಾವು ಕಂಡದ್ದನ್ನು ಕಂಡ ಹಾಗೆ ಮಾಡುವವರೆಂದು ಸದರಿ ಗುಮಾಸ್ತರು ಉತ್ತರಿಸಿದ್ದಾರೆ. ಹದಿನಾಲ್ಕರಂದು ಯಾವುದೇ ಪರದೆಯಲ್ಲಿ ಚಕ್ರ ನಿಂತುಹೋದಲ್ಲಿ ಕೂಡಲೇ ಗಣಕ ವಿಭಾಗಕ್ಕೆ ದೂರು ನೀಡತಕ್ಕದ್ದು.

೬. ಮಾದರಿಯಲ್ಲಿ ಯಾರ ಕೈಯಲ್ಲೂ ಮೊಬೈಲ್ ಇಲ್ಲದಿರುವುದಕ್ಕೆ ಕಾರಣ ಕೇಳಲಾಗಿದೆ. ಆ ಅಳತೆಯಲ್ಲಿ ಮೊಬೈಲ್ ಎಳ್ಳುಕಾಳಿಗಿಂತ ಚಿಕ್ಕದು. ಇಪ್ಪತ್ಮೂರನ್ನು ಕತ್ತರಿಸಿ, ಬಣ್ಣ ಬಳಿದು, ಕಾಗದದ ಮೇಲೆ ಒಣಗಲಿಟ್ಟಿದ್ದಾಗ ಸದರಿ ಗುಮಾಸ್ತರಿಗೆ ಸೀನು ಬಂದಿದೆ. ಎಲ್ಲವೂ ಹಾರಿಹೋಗಿವೆ, ಹುಡುಕಲಾಗಿಲ್ಲ. ಅಂದಿನಿಂದ ಮಾದರಿಯಲ್ಲಿ ಕೆಲಸ ಸುಸೂತ್ರವಾಗಿ ನಡೆದಿದೆ. ಆದ್ದರಿಂದ ಸಿಬ್ಬಂದಿಯು ತಮ್ಮ ಮೊಬೈಲುಗಳನ್ನು ಒಂದೇ ಮೇಜಿನ ಮೇಲೆ ಜೋಡಿಸಿಡತಕ್ಕದ್ದು, ಮತ್ತು ನೇಮಿಸಲ್ಪಟ್ಟ ನೌಕರರೊಬ್ಬರು ಅವುಗಳ ಎದುರು ಸೀನತಕ್ಕದ್ದು.

೭. ಮಾದರಿಯಲ್ಲಿ ಸಾಹೇಬರ ಕುರ್ಚಿಯ ಮೇಲೆ ಒಂದು ಕೋಟು ಮಾತ್ರ ಇದೆ. ಎರಡು ವರ್ಷ ಗಮನಿಸಿದ ನಂತರವೇ ಹೀಗೆ ಮಾಡಲಾಗಿದೆ. ಪರಿಶೀಲನೆಯ ದಿನ ಸಾಹೇಬರು ಕೋಟನ್ನು ಕಳುಹಿಸಿಕೊಟ್ಟರೆ ಸಾಕು.

೮. ವಸ್ತುಗಳನ್ನೇ ಅಚ್ಚು ಹಾಕಿಕೊಡುವ ಯಂತ್ರ ಬಂದಿರುವಾಗ ಎರಡು ವರ್ಷ ಯಾಕೆ ಕಣ್ಣು ಹಾಳುಮಾಡಿಕೊಂಡಿರಿ ಎಂದು ಗಣಕ ವಿಭಾಗದವರು ಪ್ರಶ್ನಿಸಿದ್ದಾರೆ. ಯಂತ್ರ ಇಪ್ಪತ್ಮೂರು ಕುರ್ಚಿಗಳನ್ನೂ ಒಂದೇ ಥರ ಮಾಡಿಕೊಡುತ್ತದೆ. ಈ ಕಚೇರಿಯಲ್ಲಿ ಒಂದೊಂದು ಕುರ್ಚಿಯೂ ಒಂದೊಂದು ಕಾಲು ಮೋಟು. ಆದ್ದರಿಂದ ಸದರಿ ಗುಮಾಸ್ತರು ಪ್ರತಿ ಕುರ್ಚಿಗೂ ಸರಿಯಾದ ಕಾಲನ್ನೇ ಹುಡುಕಿ, ಉಗುರು ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿದ್ದಾರೆ. ಹೊಸದರ ಮೇಲೆ ಅವರಿಗೆ ಹಗೆಯಿಲ್ಲ. ಚಿಮಟಕ್ಕೆ ಪಾಸ್‌ವರ್ಡ್ ಬೇಡ, ಅಂಟು ಒಣಗುವಾಗ ಅವಸರ ಮಾಡಿ ಎಂದು ಯಾರೂ ಸಂದೇಶ ಕಳುಹಿಸುವುದಿಲ್ಲ, ಇಡೀ ದಿನದಲ್ಲಿ ಕಾಯುವುದಕ್ಕೊಂದು ಅರ್ಥವಿರುವುದು ಅಲ್ಲಿ ಮಾತ್ರ ಎಂದು ಅವರು ಬರೆದಿದ್ದಾರೆ. ಈ ಭಾಗವು ಪ್ರಶ್ನೆಗೆ ಸಂಬಂಧಿಸಿಲ್ಲವಾದರೂ ಕಡತದಲ್ಲಿ ಇರಲಿ.

೯. ಇನ್ನು ಹೆಚ್ಚುವರಿ ವ್ಯಕ್ತಿಯ ವಿಚಾರ. ಇವರು ದೂರವಾಣಿ ಕೊಠಡಿಯಲ್ಲಿ ಕುಳಿತಿರುವ ಮಹಿಳೆ. ಎದ್ದು ನಿಂತರೆ ಎರಡೂಕಾಲು ಸೆಂಟಿಮೀಟರ್ ಆಗುತ್ತಿದ್ದರು. ತಲೆ ಗುಂಡುಸೂಜಿಯದು, ಜಡೆ ಕಪ್ಪು ದಾರದ್ದು, ಕಿವಿಯಿಂದ ಇಳಿಬಿದ್ದ ತಂತಿ ತಾಮ್ರದ ಒಂದೆಳೆ. ಉಳಿದವರಿಗೆ ಒಂದೊಂದು ಸಂಜೆ ಸಾಕಾಗಿದ್ದರೆ ಇವರಿಗೆ ನಾಲ್ಕು ಭಾನುವಾರ ಹಿಡಿದಿದೆಯೆಂದು ಸದರಿ ಗುಮಾಸ್ತರ ಹೆಂಡತಿ ಲೆಕ್ಕವಿಟ್ಟಿದ್ದಾರೆ. ವಿಚಾರಣೆಯಿಂದ ಇವರು ಮೂವತ್ತೊಂದು ವರ್ಷ ಈ ಕಚೇರಿಗೆ ಬಂದ ಕರೆಗಳನ್ನೆಲ್ಲ ಎತ್ತಿ, ಬೇಕಾದವರಿಗೆ ಜೋಡಿಸಿಕೊಟ್ಟ ‘ಹಲೋ ಅಕ್ಕ’ ಎಂದು ದೃಢಪಟ್ಟಿದೆ. ಸರಿಯಾದ ಹೆಸರು ಸೇವಾ ಪುಸ್ತಕದಲ್ಲಿದ್ದು, ಅದನ್ನು ಯಾರೂ ಬಳಸಿದ ದಾಖಲೆ ಇಲ್ಲ.

೧೦. ಮೂರು ವರ್ಷದ ಹಿಂದೆ, ತಾನಾಗಿ ಮಾತನಾಡುವ ಉತ್ತರ ಯಂತ್ರವನ್ನು ಅಳವಡಿಸಿದ ದಿನ, ಅಕ್ಕನ ಹುದ್ದೆಯನ್ನು ರದ್ದುಪಡಿಸಲಾಯಿತು. ಸಮಾರಂಭದಲ್ಲಿ ಹೂಗುಚ್ಛವನ್ನು ಯಂತ್ರದ ಮೇಲೆ ಇರಿಸಲಾಯಿತು. ಅಕ್ಕನಿಗೆ ಗುರುತಿನ ಚೀಟಿ ಹಿಂದಿರುಗಿಸಲು ಸೂಚಿಸಲಾಯಿತು. ಸದರಿ ಗುಮಾಸ್ತರ ತಾಯಿಗೆ ಕಿವಿ ಮಂದ. ಮಗನಿಗೆಂದು ದಿನಾ ಮೂರು ಗಂಟೆಗೆ ಕರೆ ಮಾಡುತ್ತಿದ್ದರು. ಮಗ ಸಭೆಯಲ್ಲಿದ್ದಾಗಲೆಲ್ಲ ಅಕ್ಕನೇ ಇಡೀ ಮಹಡಿಗೆ ಕೇಳುವ ಹಾಗೆ ಕೂಗಿ ಕೂಗಿ ಮಾತಾಡಿಸಿ, ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ ಫೋನ್ ಇಡುತ್ತಿದ್ದರು. ಯಂತ್ರ ಬಂದ ಮೇಲೆ ತಾಯಿ ಎರಡು ಬಾರಿ ಪ್ರಯತ್ನಿಸಿ, ಅಲ್ಲಿ ಯಾರೋ ಹೊಸಬಳು ಬಂದಿದ್ದಾಳೆ, ಸೊಕ್ಕು ಜಾಸ್ತಿ, ನಾನು ಹೇಳಿದ್ದು ಕೇಳಿಸಿಕೊಳ್ಳುವುದೇ ಇಲ್ಲ ಎಂದು ಮಗನಿಗೆ ದೂರು ಹೇಳಿ, ಕರೆ ಮಾಡುವುದನ್ನೇ ಬಿಟ್ಟರು.

೧೧. ಅಕ್ಕನಿಗೆ ಮಾದರಿಯ ಸುದ್ದಿ ತಲುಪಿದೆ. ತಾವು ಬರುವುದನ್ನು ತಿಳಿಸಲೆಂದು ಕಚೇರಿಗೆ ಕರೆ ಮಾಡಿ, ಮೂವತ್ತೈದು ನಿಮಿಷ ಯಂತ್ರ ಹೇಳಿದ್ದನ್ನೆಲ್ಲ ಒತ್ತಿ, ಕೊನೆಗೆ ಬಸ್ಸು ಹಿಡಿದು ಗೇಟಿನ ತನಕ ಬಂದು ಕಾವಲುಗಾರರಲ್ಲಿ ಹೇಳಿಹೋಗಿದ್ದಾರೆ: “ನಾನೂ ಅದ್ರಲ್ಲಿ ಇದ್ದೀನಂತಲ್ಲ, ಹದಿನಾಲ್ಕಕ್ಕೆ ಬಂದು ನೋಡ್ತೀನಿ.”

೧೨. ಸಾಹೇಬರ ಆದೇಶವೇನೆಂದರೆ, ಹದಿಮೂರರ ಮಧ್ಯಾಹ್ನದೊಳಗೆ ಆ ಗೊಂಬೆಯನ್ನು ಕಿತ್ತು, ಚಿತ್ರಗಳನ್ನು ಮತ್ತೆ ತೆಗೆದು ಏರಿಸಿ ಲೆಕ್ಕ ಸರಿಮಾಡುವುದು. ಸದರಿ ಗುಮಾಸ್ತರು ಚಿಮಟ ಹಿಡಿದು ದೂರವಾಣಿ ಕೊಠಡಿಯ ತನಕ ಹೋಗಿ, ಅಂಟು ಗಟ್ಟಿಯಾಗಿದೆ, ಕಿತ್ತರೆ ಅಕ್ಕ ಅರ್ಧ ಕೈಗೆ ಬಂದು ಅರ್ಧ ಕುರ್ಚಿಯಲ್ಲೇ ಉಳಿಯುತ್ತಾರೆಂದು ವರದಿ ಮಾಡಿದ್ದಾರೆ. ನಂತರ ಮೆಟ್ಟಿಲ ಬಳಿ ಸಾಹೇಬರನ್ನು ತಡೆದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ತೆಗೀಬಹುದು ಸಾರ್. ಆದ್ರೆ ಅಕ್ಕ ಬಂದು ‘ಎಲ್ಲಪ್ಪಾ ನಾನು’ ಅಂತ ಕೇಳಿದ್ರೆ ಏನ್ ಹೇಳ್ಲಿ? ಒಂದನ್ನು ಒತ್ತಿ ಅಂತ ಹೇಳ್ಲಾ?” ಸಾಹೇಬರು ಗಡಿಯಾರ ನೋಡಿಕೊಂಡು, ಸುತ್ತೋಲೆ ಹೊರಡಿಸಿಬಿಡಿ ಎಂದು ಹೇಳಿ ಇಳಿದುಹೋಗಿದ್ದಾರೆ.

೧೩. ಸುತ್ತೋಲೆಯನ್ನು ತಂತ್ರಾಂಶದಿಂದಲೇ ಬರೆಸಲು ಪ್ರಯತ್ನಿಸಲಾಗಿ, ಅದು ‘ಹೆಚ್ಚುವರಿ ವ್ಯಕ್ತಿಗೆ ಹಾರ್ದಿಕ ಶುಭಾಶಯಗಳು’ ಎಂದು ಆರಂಭಿಸಿದ್ದರಿಂದ ಕೈಬಿಡಲಾಗಿದೆ. ಈ ಕಚೇರಿಯಲ್ಲಿ ಸುತ್ತೋಲೆಯ ಭಾಷೆ ಬರುವವರು ಸದರಿ ಗುಮಾಸ್ತರೊಬ್ಬರೇ. ಆದ್ದರಿಂದ ಕರಡನ್ನು ಅವರೇ ಸಿದ್ಧಪಡಿಸಿದ್ದಾರೆ. ಸಾಹೇಬರು ವಿಷಯವನ್ನೂ ಕೊನೆಯ ಕಲಮನ್ನೂ ಮಾತ್ರ ಓದಿ ಸಹಿ ಮಾಡುವ ಪದ್ಧತಿಯವರಾದ್ದರಿಂದ, ಆ ಎರಡು ಕಡೆಯೂ ಅವರಿಗೆ ಬೇಕಾದದ್ದೇ ಇರುವಂತೆ ಎಚ್ಚರ ವಹಿಸಲಾಗಿದೆ. ಉಳಿದದ್ದು ಸಿಬ್ಬಂದಿಗೆ.

೧೪. ‘ಮಾದರಿ’ ಎಂಬ ಪದವನ್ನು ಬಳಸಿದ್ದು ಮೇಲಿನ ಕಚೇರಿ. ಮಾದರಿಯನ್ನು ನೋಡಿ ಉಳಿದದ್ದನ್ನು ತಿದ್ದಿಕೊಳ್ಳುವುದು ವಾಡಿಕೆ. ಉಳಿದದ್ದನ್ನು ನೋಡಿ ಮಾದರಿಯನ್ನು ತಿದ್ದಿದರೆ ಅದು ಮಾದರಿಯಾಗಿ ಉಳಿಯುವುದಿಲ್ಲ. ಆದಕಾರಣ, ಮಾದರಿಯಲ್ಲಿ ಒಬ್ಬರು ಹೆಚ್ಚಾಗಿಲ್ಲವೆಂದೂ, ಕಚೇರಿಯಲ್ಲಿ ಒಬ್ಬರು ಕಡಿಮೆಯಾಗಿದ್ದಾರೆಂದೂ ಈ ಮೂಲಕ ತೀರ್ಮಾನಿಸಲಾಗಿದೆ.

೧೫. ಸದರಿ ಕೊರತೆಯನ್ನು ತುಂಬಲು ಹಲೋ ಅಕ್ಕ ಅವರು ಹದಿನಾಲ್ಕರಂದು ಹತ್ತರಿಂದ ಐದರವರೆಗೆ ದೂರವಾಣಿ ಕೊಠಡಿಯಲ್ಲಿ ಹಾಜರಿರತಕ್ಕದ್ದು. ಅಲ್ಲಿ ಪೇರಿಸಿರುವ ಖಾಲಿ ಪೆಟ್ಟಿಗೆಗಳನ್ನು ಹಿಂದಿನ ದಿನವೇ ತೆರವುಗೊಳಿಸಿ, ಕಿಟಕಿ ಒರೆಸಿ, ಅವರ ಹಳೆಯ ಕುರ್ಚಿಯನ್ನು ಉಗ್ರಾಣದಿಂದ ತರಿಸತಕ್ಕದ್ದು. ಉತ್ತರ ಯಂತ್ರದ ತಂತಿಯನ್ನು ಅಂದು ಕಳಚಿಡತಕ್ಕದ್ದು. ಅದು ಪ್ರತಿಭಟಿಸಿದಲ್ಲಿ ‘ನಿಮ್ಮ ಕರೆ ನಮಗೆ ಮುಖ್ಯವಾದದ್ದು, ದಯವಿಟ್ಟು ಕಾಯಿರಿ’ ಎಂದು ತಿಳಿಸತಕ್ಕದ್ದು. ಕಿವಿ ಮಂದವಾದ ಹಿರಿಯರೊಬ್ಬರಿಂದ ಮೂರು ಗಂಟೆಗೆ ಕರೆ ಬರುವ ಸಂಭವವಿದ್ದು, ಆ ವೇಳೆಯಲ್ಲಿ ಇಡೀ ಮಹಡಿ ಸುಮ್ಮನಿರತಕ್ಕದ್ದು.

೧೬. ಮೇಲ್ಕಂಡ ಕ್ರಮಗಳಿಂದ ಮಾದರಿಗೂ ಕಚೇರಿಗೂ ಇದ್ದ ವ್ಯತ್ಯಾಸವು ಹದಿನಾಲ್ಕರ ವೇಳೆಗೆ ಸಂಪೂರ್ಣವಾಗಿ ನಿವಾರಣೆಯಾಗಲಿದ್ದು, ಸಾಹೇಬರ ಆದೇಶ ಪಾಲನೆಯಾಗಿದೆಯೆಂದು ಪರಿಗಣಿಸತಕ್ಕದ್ದು.

(ಓದಲಾಗಿದೆ, ಒಪ್ಪಲಾಗಿದೆ)
ಸಹಿ/-
ಶಾಖಾ ಮುಖ್ಯಸ್ಥರು
ಚಲಿಸುತ್ತಿರುವ ವಾಹನದಿಂದ, ಮೊಬೈಲ್ ಮೂಲಕ

ಪ್ರತಿಗಳು:

೧. ಮೇಲಿನ ಕಚೇರಿಗೆ, ಅದರ ಮೇಲಿನ ಕಚೇರಿಗೆ ಕಳುಹಿಸುವ ಸಲುವಾಗಿ.
೨. ತಂತ್ರಾಂಶಕ್ಕೆ, ನಲವತ್ತೆರಡನೇ ಎಚ್ಚರಿಕೆಯನ್ನು ತಡೆಹಿಡಿಯುವ ಕೋರಿಕೆಯೊಂದಿಗೆ.
೩. ಕಾವಲುಗಾರರಿಗೆ. ಅಂದು ಅಕ್ಕನ ಬಳಿ ಗುರುತಿನ ಚೀಟಿ ಕೇಳಕೂಡದು.
೪. ಸೀನಲು ನೇಮಕಗೊಂಡ ನೌಕರರಿಗೆ, ಅಭ್ಯಾಸಕ್ಕಾಗಿ.
೫. ಸಾಹೇಬರ ಕೋಟಿಗೆ, ಒಳಜೇಬಿನಲ್ಲಿ ಇರಿಸುವುದು.
೬. ಕಚೇರಿ ಪ್ರತಿ.
೭. ಹಲೋ ಅಕ್ಕ ಅವರಿಗೆ. ಸದರಿ ಗುಮಾಸ್ತರೇ ಮನೆಗೆ ಹೋಗಿ ಕೈಯಲ್ಲಿ ಕೊಟ್ಟು ಬರತಕ್ಕದ್ದು. ಅಕ್ಕ, ಹದಿನಾಲ್ಕಕ್ಕೆ ಬರುವಾಗ ಕನ್ನಡಕ ಮರೆಯಬಾರದು. ಮಾದರಿಯಲ್ಲಿ ತಾವು ಬಹಳ ಚಿಕ್ಕವರು. ಕುರ್ಚಿಯನ್ನು ಮಾತ್ರ ಪೂರ್ತಿ ಅಳತೆಯಲ್ಲೇ ಇಡಲಾಗಿದೆ.